ಸಾತ್‌ಬಾರಾ ಇದ್ದಷ್ಟು ಕಾಲು ಚಾಚು

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು. ಹಾಸಿಗೆ ಎಷ್ಟಿರಬೇಕು ಅಂತ ಮಾತ್ರ ಹೇಳದೆ ಹೋದರು. ಆ ಬಾಕಿ ಕೆಲಸವನ್ನು 1993ರ ಲಾತೂರ್ ಭೂಕಂಪದ ನಂತರ, ಮನೆ ಕಳಕೊಂಡವರಿಗೆ ಹೊಸ ಮನೆ ಹಂಚುವಾಗ, ಮಹಾರಾಷ್ಟ್ರ ಸರ್ಕಾರ ಮುಗಿಸಿಕೊಟ್ಟಿತು. ಸಾತ್‌ಬಾರಾ ತಗೊಂಡು ಬಾ, ಹೊಲ ಎಷ್ಟಿದೆ ನೋಡೋಣ, ಆಮೇಲೆ ನಿನ್ನ ಕಾಲಿನ ಉದ್ದ ಗೊತ್ತು ಮಾಡೋಣ. ಸಾತ್‌ಬಾರಾ ಅಂದರೆ ಗಡಿಯಾಚೆ ಆಳಂದದವರು ಪಹಣಿ ಅನ್ನುತ್ತಾರಲ್ಲ, ಅದೇ. ಈಚೆ ಮಹಾರಾಷ್ಟ್ರದ ಉಮರ್ಗಾ ಕಡೆ ಕನ್ನಡದಲ್ಲಿ ಜಗಳ ಆಡುವ ನಾವೂ ಅದನ್ನು ಸಾತ್‌ಬಾರಾ ಅಂತಲೇ ಕರೆಯುತ್ತೇವೆ.

ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ, ಗಣಪತಿ ಕಳಿಸಿ ಬಂದು ದಣಿದು ಮಲಗಿದ್ದ ಊರುಗಳ ಮೇಲೆ ಮನೆಗಳೇ ಬಿದ್ದವು. ಲಾತೂರ್ ಜಿಲ್ಲೆಯ ಕಿಲ್ಲಾರಿ, ಆಗಿನ ಉಸ್ಮಾನಾಬಾದ್ ಜಿಲ್ಲೆಯ ಸಾಸ್ತೂರ್, ಇನ್ನೂ ಎಷ್ಟೋ ಹಳ್ಳಿ. ಸತ್ತವರು ಸುಮಾರು 8,000. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಗು ಬರೋದು ಅಳತೆ ಟೇಪು ಬಂದ ಮೇಲಿನ ಕಥೆಗೆ.

ನೆಲಸಮವಾದ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಎತ್ತಿಡುವುದು ಅಂತಾಯಿತು. ವಿಶ್ವಬ್ಯಾಂಕ್ ಸಾಲ ಕೊಟ್ಟಿತು. ಲೆಕ್ಕ ಬಹಳ ಸರಳ. ಹೊಲ ಇಲ್ಲದವನಿಗೆ, ಒಂದು ಹೆಕ್ಟೇರ್ ಒಳಗೆ ಇದ್ದವನಿಗೆ 250 ಚದರಡಿ ಮನೆ. ಒಂದರಿಂದ ಏಳು ಹೆಕ್ಟೇರಿನವನಿಗೆ 400. ಅದಕ್ಕೂ ಮೇಲಿನ ಗೌಡನಿಗೆ 750.

ಎಂಥಾ ತಲೆ ನೋಡಿ! ಕೂಲಿ ಮಾಡುವವನ ಮನೆಯಲ್ಲಿ ಗಂಡ, ಹೆಂಡತಿ, ಅವ್ವ, ನಾಲ್ಕು ಮಕ್ಕಳು. ಅವರು ಹೇಗೂ ಹಗಲೆಲ್ಲ ಬೇರೆಯವರ ಹೊಲದಲ್ಲಿ ಇರುತ್ತಾರೆ, ಮನೆ ದೊಡ್ಡದು ಯಾಕೆ? ದೊಡ್ಡ ರೈತನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇರಬಹುದು, ಆದರೆ ಪಾಪ, ಇಪ್ಪತ್ತು ಎಕರೆ ಹೊಲ ರಾತ್ರಿ ಒಳಗೆ ಬಂದು ಮಲಗಬೇಡವೇ? ತೊಟ್ಟಿಲು ಎಷ್ಟಿವೆ, ಒಲೆ ಎಷ್ಟಿವೆ ಅಂತ ಯಾರಾದರೂ ಎಣಿಸಿ ಮನೆ ಕಟ್ಟುತ್ತಾರಾ? ಹಾಗೆ ಎಣಿಸುವುದು ಜನಗಣತಿಗೆ.

ಒಂದು ವಿಷಯ ಒಪ್ಪಲೇಬೇಕು. ಭೂಕಂಪ ಮಾತ್ರ ಭಾರೀ ಸಮಾಜವಾದಿ. ಬೀಳಿಸುವಾಗ ಯಾರ ಸಾತ್‌ಬಾರಾವನ್ನೂ ಕೇಳಲಿಲ್ಲ.

ಹಳೆಯ ಊರುಗಳಲ್ಲಿ ಅಗಸಿ ಇತ್ತು, ಓಣಿ ಇತ್ತು, ಓಣಿ ತಿರುಗಿದಲ್ಲಿ ಕಟ್ಟೆ ಇತ್ತು. ಮನೆ ಅಂದರೆ ಒಳಗೆ ಅಂಗಳ, ಪಡಸಾಲೆ, ದನ ಕಟ್ಟಲು ಜಾಗ, ಜೋಳಕ್ಕೆ ಹಗೇವು. ಹೊಸ ಊರುಗಳ ನಕ್ಷೆ ಬರೆದವರು ದನವನ್ನು ಪಾಠದಪುಸ್ತಕದ ಚಿತ್ರದಲ್ಲಿ ನೋಡಿರಬೇಕು. ಚೌಕುಳಿ ಚೌಕುಳಿ ರಸ್ತೆ, ಸಾಲಿಗೆ ಸಾಲು ಒಂದೇ ನಮೂನೆ ಮನೆ. ರಸ್ತೆ ಎಷ್ಟು ಅಗಲ ಅಂದರೆ ಎದುರುಮನೆಯವಳು ಕರಿಬೇವು ಕೇಳಬೇಕಾದರೆ ಫೋನು ಮಾಡಬೇಕು. ಎತ್ತು ಎಲ್ಲಿ ಕಟ್ಟಲಿ ಅಂತ ಕೇಳಿದವನಿಗೆ ಉತ್ತರ ಇರಲಿಲ್ಲ. ಎತ್ತಿನ ಹೆಸರಲ್ಲಿ ಸಾತ್‌ಬಾರಾ ಇರೋದಿಲ್ಲ, ಅಲ್ವಾ?

ಇನ್ನು ತಪ್ಪು ಯಾರದು? ಕಲ್ಲಿನದು. ಇದನ್ನು ಮಾತ್ರ ಬೇಗ ತೀರ್ಮಾನ ಮಾಡಿದರು. ನಮ್ಮ ಕಡೆ ಮಾಳಿಗೆ ಮನೆಯ ಗೋಡೆ ಎರಡು ಮೂರು ಅಡಿ ದಪ್ಪ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಮಣ್ಣು, ಚೂರುಗಲ್ಲು. ಎರಡನ್ನೂ ಕೂಡಿಸಿ ಹಿಡಿಯುವ ಉದ್ದ ಕಲ್ಲು ಇಲ್ಲ. ಮೇಲೆ ವರ್ಷ ವರ್ಷ ಸುರಿದು ಪೇರಿಸಿದ ಮಣ್ಣಿನ ಮಾಳಿಗೆ. ನಡುಗಿದಾಗ ಗೋಡೆ ಎರಡಾಗಿ ಸೀಳಿ ಬಿತ್ತು. ಆದರೆ ಎಷ್ಟೋ ಮನೆಗಳಲ್ಲಿ ಮರದ ಕಂಬ, ತೊಲೆ ಹಾಗೇ ನಿಂತಿದ್ದವು. ಗೋಡೆಗೆ ಅಡ್ಡಗಲ್ಲು ಹಾಕಿ, ಸುತ್ತ ಒಂದು ಪಟ್ಟಿ ಕಟ್ಟಿ, ಮಾಳಿಗೆಯ ಮಣ್ಣು ಇಳಿಸಿದರೆ ಹಳೆಮನೆಯೂ ತಡೆಯುತ್ತದೆ. ಇಷ್ಟು ಹೇಳುವ ಗೌಂಡಿಗಿಂತ ಸಿಮೆಂಟು ಚೀಲಕ್ಕೆ ಮರ್ಯಾದೆ ಜಾಸ್ತಿ.

ಸಾವಿರಾರು ಊರುಗಳಲ್ಲಿ ಬಿರುಕು ಬಿಟ್ಟ ಮನೆ ಗಟ್ಟಿ ಮಾಡಿಕೊಳ್ಳಿ ಅಂತ ಸಹಾಯವನ್ನೂ ಕೊಟ್ಟರು. ಎಷ್ಟೋ ಜನ ಅದರಲ್ಲಿ ಹಳೆಮನೆಗೆ ಕೈ ಹಚ್ಚದೆ ಪಕ್ಕದಲ್ಲಿ ಹೊಸ ಖೋಲಿ ಕಟ್ಟಿಕೊಂಡರು. ಹಳೆಮನೆ ಹಳೆಯ ಧೈರ್ಯದಲ್ಲೇ ನಿಂತಿತು.

ಅಂದಹಾಗೆ, ಭೂಕಂಪದ ನಕ್ಷೆಯ ಪ್ರಕಾರ ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ಜಾಗದಲ್ಲಿ. 1992ರಿಂದಲೇ ನೆಲ ಆಗಾಗ ಗುಡುಗುಡು ಅನ್ನುತ್ತಿತ್ತು. ಪಾಪ, ನೆಲಕ್ಕೆ ನಕ್ಷೆ ಓದಲು ಬರುತ್ತಿರಲಿಲ್ಲ. 2002ರಲ್ಲಿ ನಕ್ಷೆಯನ್ನೇ ತಿದ್ದಿದರು. ಒಂದನೇ ವಲಯ ಅನ್ನೋದನ್ನೇ ಅಳಿಸಿ ಲಾತೂರನ್ನು ಮೂರನೇ ವಲಯಕ್ಕೆ ಏರಿಸಿದರು. ಒಂಬತ್ತು ವರ್ಷ ಸೇವೆ ಮಾಡಿದ್ದಕ್ಕೆ ಬಡ್ತಿ.

ಹೊಸ ಊರಿಗೆ ಹೋದವರ ಕಥೆಯೂ ಕೇಳಿ. ಪಕ್ಕಾ ಮನೆ ಬಂತು. ಬೇಸಿಗೆಯಲ್ಲಿ ಆ ಕಾಂಕ್ರೀಟು ಸೂರಿನ ಕೆಳಗೆ ರೊಟ್ಟಿ ಒಲೆ ಹಚ್ಚದೆಯೂ ಬೇಯುತ್ತದೆ. ಹಾಗಾಗಿ ಎಷ್ಟೋ ಮಂದಿ ಎದುರಿಗೆ ಪತ್ರಾಸಿನ ಒಂದು ಚಪ್ಪರ ಹಾಕಿಕೊಂಡರು. ಒಲೆ ಅಲ್ಲಿ, ಎಮ್ಮೆ ಅಲ್ಲಿ, ಮುದುಕರ ಹೊರಸು ಅಲ್ಲಿ. ಭೂಕಂಪ ತಡೆಯುವ ಮನೆಯೊಳಗೆ ತೊಗರಿ ಚೀಲ, ಅದರ ಮೇಲೆ ಕಣಕಿ, ಮೂಲೆಯಲ್ಲಿ ಕೂರಿಗೆ. ಇನ್ನೊಮ್ಮೆ ನೆಲ ನಡುಗಿದರೆ ಮನುಷ್ಯರದು ದೇವರ ಚಿತ್ತ. ತೊಗರಿಗಂತೂ ಏನೂ ಆಗೋದಿಲ್ಲ.