ಪತ್ರಹರಿತ್ತು ಗೊತ್ತಿರುವವರಿಗೆ ಕ್ಲೋರೋಫಿಲ್ ಹೊಸದಲ್ಲ

ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳು ಮೊದಲ ಕೆಲವು ತಿಂಗಳು ಪಡುವ ಪಾಡನ್ನು ಜೀವಶಾಸ್ತ್ರದ ಉಪನ್ಯಾಸಕನಾಗಿ ಪ್ರತಿ ವರ್ಷವೂ ನೋಡುತ್ತೇನೆ. ವಿಷಯ ಅವರಿಗೆ ಹೊಸದೇನಲ್ಲ. ಹತ್ತನೇ ತರಗತಿಯವರೆಗೆ ಚೆನ್ನಾಗಿಯೇ ಓದಿಕೊಂಡು ಬಂದಿರುತ್ತಾರೆ. ಅವರನ್ನು ಹೆದರಿಸುವುದು ಪದಗಳು. ಉದ್ದುದ್ದದ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಅಕ್ಷರಕ್ಕೆ ಅಕ್ಷರ ಸೇರಿಸಿ ಉರು ಹೊಡೆಯುತ್ತಾರೆ, ಪರೀಕ್ಷೆಯಲ್ಲಿ ನಡುವಿನ ಒಂದು ಅಕ್ಷರ ಮರೆತರೆ ಇಡೀ ಪದವೇ ಕೈತಪ್ಪುತ್ತದೆ. ಇದಕ್ಕೆ ಮಕ್ಕಳನ್ನಾಗಲಿ, ಅವರು ಓದಿ ಬಂದ ಮಾಧ್ಯಮವನ್ನಾಗಲಿ ದೂರುವುದು ಅನ್ಯಾಯ. ಇಂಗ್ಲಿಷ್ ಪದ ಬರೀ ಅಕ್ಷರಗಳ ಸಾಲಲ್ಲ, ಒಂದೊಂದಕ್ಕೂ ತನ್ನದೇ ಅರ್ಥವಿರುವ ತುಣುಕುಗಳ ಜೋಡಣೆ ಎಂಬುದನ್ನು ಕಲಿಸುವವರು ನಾವು ತೋರಿಸಿಕೊಡುತ್ತಿಲ್ಲ.

ಬಡ ಎಂಬುದಕ್ಕೆ ‘ತನ’ ಸೇರಿ ಬಡತನ, ಬಳೆಗೆ ‘ಗಾರ’ ಸೇರಿ ಬಳೆಗಾರ ಆಗುವುದನ್ನು ನಮ್ಮ ಮಕ್ಕಳು ಕನ್ನಡ ವ್ಯಾಕರಣದ ಪಾಠದಲ್ಲೇ ಕಲಿತಿರುತ್ತಾರೆ. ಹ್ಯಾಪಿ ಎಂಬುದರ ಮೊದಲಿಗೆ ‘ಅನ್’, ಕೊನೆಗೆ ‘ನೆಸ್’ ಸೇರಿ ಅನ್‌ಹ್ಯಾಪಿನೆಸ್ ಆಗುವುದೂ ಇದೇ ಬಗೆಯ ಕೆಲಸ. ‘ಅನ್’, ‘ನೆಸ್’, ‘ಲೆಸ್’ ಮುಂತಾದವು ಇಂಗ್ಲಿಷಿನ ಹಳೆಯ ಸ್ವಂತ ಆಸ್ತಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳೂ, ಅವುಗಳ ಮೂಲಕ ಲ್ಯಾಟಿನ್ ಧಾತುಗಳೂ ದೊಡ್ಡ ಪ್ರಮಾಣದಲ್ಲಿ ಬಂದವು. ಮುಂದೆ ವಿಜ್ಞಾನ ಬೆಳೆದಂತೆ ಹೊಸ ಹೆಸರುಗಳಿಗಾಗಿ ವಿದ್ವಾಂಸರು ಗ್ರೀಕ್ ಭಾಷೆಯ ಮೊರೆಹೋದರು. ಪಿಯುಸಿ ಪಠ್ಯದಲ್ಲಿ ಮಕ್ಕಳನ್ನು ಕಾಡುವ ಪದಗಳಲ್ಲಿ ಬಹುಪಾಲು ಈ ಕೊನೆಯ ಗುಂಪಿಗೆ ಸೇರಿದವು.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಲ್ಲಿ ದೊಡ್ಡ ಅನುಕೂಲವಿದೆ ಎಂಬುದನ್ನು ನಾವು ಗಮನಿಸಿಯೇ ಇಲ್ಲ. 1817ರಲ್ಲಿ ಫ್ರಾನ್ಸಿನ ಪೆಲ್ತಿಯೇ ಮತ್ತು ಕವೆಂತೂ ಎಂಬ ಇಬ್ಬರು ರಸಾಯನಜ್ಞರು ಎಲೆಯಲ್ಲಿರುವ ಹಸಿರು ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಕ್ಲೋರೋಫಿಲ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಕ್ಲೋರೋಸ್ ಎಂದರೆ ಎಳೆಹಸಿರು, ಫಿಲ್ಲೋನ್ ಎಂದರೆ ಎಲೆ. ನಮ್ಮ ಪಠ್ಯಪುಸ್ತಕದ ‘ಪತ್ರಹರಿತ್ತು’ವನ್ನು ಬಿಡಿಸಿದರೂ ಸಿಗುವುದು ಎಲೆ ಮತ್ತು ಹಸಿರು. ಫೋಟೋಸಿಂಥೆಸಿಸ್ ಎಂಬುದರಲ್ಲಿ ಬೆಳಕೂ ಇದೆ, ಕೂಡಿಸುವಿಕೆಯೂ ಇದೆ. ದ್ಯುತಿಸಂಶ್ಲೇಷಣೆಯಲ್ಲಿಯೂ ಅವೇ ಎರಡು. ಆಂಫಿಬಿಯನ್ ಎಂದರೆ ಎರಡು ಕಡೆಯ ಬದುಕು, ಅದೇ ನಮ್ಮ ಉಭಯವಾಸಿ. ಕನ್ನಡದ ವಿಜ್ಞಾನ ಪದಗಳನ್ನು ಕಟ್ಟಿದವರು ಮೂಲದ ತುಣುಕುಗಳನ್ನು ಬಿಡಿಸಿ, ಒಂದೊಂದಕ್ಕೂ ಸಮನಾದುದನ್ನು ಹುಡುಕಿ ಮತ್ತೆ ಜೋಡಿಸಿದ್ದಾರೆ. ಹತ್ತು ವರ್ಷ ಈ ಪದಗಳೊಂದಿಗೆ ಬೆಳೆದ ಮಗುವಿಗೆ ಪದದ ಒಳಗಿನ ವಿಚಾರ ಆಗಲೇ ತಿಳಿದಿದೆ. ಆದರೆ ಪಿಯುಸಿಗೆ ಬಂದ ದಿನವೇ ‘ಕನ್ನಡದ ಪದಗಳನ್ನೆಲ್ಲ ಮರೆತುಬಿಡಿ’ ಎಂದು ಹೇಳುವ ರೂಢಿ ನಮ್ಮಲ್ಲಿದೆ. ಇದು ನನಗೆ ತೀರಾ ನೋವಿನ ಸಂಗತಿ.

ಜಿರಳೆಯಂತಹ ಪ್ರಾಣಿಗಳ ಗುಂಪಾದ ಸಂಧಿಪದಿಯ ಉದಾಹರಣೆಯನ್ನು ತರಗತಿಯಲ್ಲಿ ಸ್ವಲ್ಪ ಸಾವಕಾಶವಾಗಿಯೇ ವಿವರಿಸುತ್ತೇನೆ. ಕರಿಹಲಗೆಯ ಮೇಲೆ ಅದರ ಇಂಗ್ಲಿಷ್ ಹೆಸರನ್ನು ಆರ್ಥ್ರೊಪೋಡಾ ಎಂದು ಬರೆದು ನಡುವೆ ಗೆರೆ ಎಳೆದರೆ ಒಂದು ಕಡೆ ಕೀಲು, ಇನ್ನೊಂದು ಕಡೆ ಪಾದ. ಜಿರಳೆಯ ಕಾಲು ಹೇಗೆ ಮಡಚಿಕೊಳ್ಳುತ್ತದೆ ಎಂದು ಕೇಳಿದರೆ ಹೆಸರು ಯಾಕೆ ಬಂತೆಂದು ಮಕ್ಕಳೇ ಹೇಳುತ್ತಾರೆ. ಆಮೇಲೆ ಅದರ ಕೆಳಗೆ ಆರ್ಥ್ರೈಟಿಸ್ ಎಂದು ಬರೆಯುತ್ತೇನೆ. ಮನೆಯಲ್ಲಿ ಅಜ್ಜಿಯ ಮಂಡಿನೋವಿಗೆ ಡಾಕ್ಟರು ಹೇಳಿದ ಹೆಸರು ಅದು, ಕೀಲು ಅಲ್ಲಿಯೂ ಇದೆ. ‘ಐಟಿಸ್’ ಎಂಬ ಪ್ರತ್ಯಯಕ್ಕೆ ಗ್ರೀಕಿನಲ್ಲಿ ‘ಅದಕ್ಕೆ ಸಂಬಂಧಿಸಿದ’ ಎಂಬಷ್ಟೇ ಅರ್ಥವಿತ್ತು, ‘ಕೀಲಿನ ಬೇನೆ’ ಎಂಬ ಪೂರ್ತಿ ಮಾತಿನಲ್ಲಿ ‘ಬೇನೆ’ ಬಿಟ್ಟುಹೋಗಿ, ಕಾಲಕ್ರಮದಲ್ಲಿ ಆ ಪ್ರತ್ಯಯವೇ ಉರಿಯೂತವನ್ನು ಸೂಚಿಸತೊಡಗಿತು. ಇಷ್ಟು ತಿಳಿದ ವಿದ್ಯಾರ್ಥಿಗೆ ಹೆಪಟೈಟಿಸ್ (ಯಕೃತ್ತಿನದು), ನೆಫ್ರೈಟಿಸ್ (ಮೂತ್ರಪಿಂಡದ್ದು), ಗ್ಯಾಸ್ಟ್ರೈಟಿಸ್ (ಜಠರದ್ದು) ಯಾವುದನ್ನೂ ಉರು ಹೊಡೆಯಬೇಕಾಗಿಲ್ಲ. ಮೂತ್ರಪಿಂಡದ ಪಾಠದಲ್ಲಿ ಬರುವ ನೆಫ್ರಾನ್‌ಗೂ ಆಸ್ಪತ್ರೆಯ ಫಲಕದಲ್ಲಿ ಕಾಣುವ ನೆಫ್ರಾಲಜಿಗೂ ಇರುವ ನಂಟನ್ನು ಅವನು ತಾನಾಗಿಯೇ ಹಿಡಿಯುತ್ತಾನೆ.

ಹೈಪರ್ ಮತ್ತು ಹೈಪೊ ಎಂಬ ಜೋಡಿ ಎಂತಹ ಜಾಣ ವಿದ್ಯಾರ್ಥಿಯನ್ನೂ ಗೊಂದಲಕ್ಕೆ ಕೆಡವುತ್ತದೆ. ಒಂದು ಹೆಚ್ಚಾಗುವುದನ್ನು, ಇನ್ನೊಂದು ಕಡಿಮೆಯಾಗುವುದನ್ನು ಹೇಳುವುದರಿಂದ ಹೈಪರ್‌ಥೈರಾಯ್ಡಿಸಂ, ಹೈಪೊಥೈರಾಯ್ಡಿಸಂಗಳನ್ನು ಅದಲುಬದಲು ಮಾಡಿದರೆ ಉತ್ತರವೇ ತಲೆಕೆಳಗಾಗುತ್ತದೆ. ಗ್ರೀಕಿನ ಹೈಪರ್ ಸಂಸ್ಕೃತದ ‘ಉಪರಿ’ಗೂ, ಹೈಪೊ ‘ಉಪ’ಕ್ಕೂ ನೆಂಟನಾದುದರಿಂದ, ಉಪರಿ ಎಂದರೆ ಮೇಲೆ ಎಂಬುದನ್ನು ನೆನಪಿಟ್ಟುಕೊಂಡವರಿಗೆ ಈ ಗೊಂದಲ ಉಳಿಯುವುದಿಲ್ಲ. ನಿಷೇಧದ ‘ಅ’ ಇನ್ನೂ ಸೊಗಸಾಗಿದೆ. ಜ್ಞಾನಕ್ಕೆ ಅದು ಸೇರಿದರೆ ಅಜ್ಞಾನ, ಸ್ವರದಿಂದ ಶುರುವಾಗುವ ಅಂತಕ್ಕೆ ಸೇರಿದರೆ ‘ಅನ್’ ಆಗಿ ಅನಂತ. ಗ್ರೀಕಿನಲ್ಲಿಯೂ ಅದೇ ಕಟ್ಟಳೆ ಇರುವುದರಿಂದಲೇ ಗಾಳಿಗೆ ಸಂಬಂಧಿಸಿದ ಏರೋಬಿಕ್ ಎಂಬುದರ ವಿರುದ್ಧಪದ ಅನೀರೋಬಿಕ್ ಆಗಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕೆಂದು ಭಾಷಾವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದು ಇಂತಹ ಹೋಲಿಕೆಗಳನ್ನು ಕಂಡೇ. ಕನ್ನಡ ಆ ಕುಟುಂಬಕ್ಕೆ ಸೇರಿದ್ದಲ್ಲ, ಆದರೂ ಸಂಸ್ಕೃತದಿಂದ ನಾವು ಪಡೆದುಕೊಂಡ ಈ ಉಪಸರ್ಗಗಳು ಮಕ್ಕಳ ನಾಲಿಗೆಯ ಮೇಲೆ ದಿನವೂ ಇವೆ.

ಇಂಗ್ಲಿಷ್ ಕಾಗುಣಿತಕ್ಕೆ ತಲೆಬುಡವಿಲ್ಲ ಎಂಬ ದೂರು ಎಲ್ಲೆಡೆ ಕೇಳುತ್ತದೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮಸಲ್ ಎಂದು ಹೇಳುವಾಗ ನಡುವಿನ ‘ಸಿ’ ಅಕ್ಷರ ಕೇಳಿಸುವುದಿಲ್ಲವಾದರೂ ಮಸ್ಕ್ಯುಲರ್ ಎನ್ನುವಾಗ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಸೈನ್ ಎಂಬುದರ ‘ಜಿ’ಯೂ ಸಿಗ್ನೇಚರ್ ಎಂಬುದರಲ್ಲಿ ಬಾಯಿಬಿಡುತ್ತದೆ. ಉಚ್ಚಾರ ಬದಲಾದರೂ ತುಣುಕಿನ ಗುರುತು ಅಳಿಯದಂತೆ ಬರವಣಿಗೆ ಎಷ್ಟೋ ಕಡೆ ಕಾಪಾಡಿಕೊಂಡಿದೆ.

ಹಾಗೆಂದು ಸಿಕ್ಕಸಿಕ್ಕಲ್ಲಿ ಪದವನ್ನು ಒಡೆಯಬಾರದು. ಹೆಲಿಕಾಪ್ಟರ್ ಎಂಬುದನ್ನು ಎಲ್ಲರೂ ಹೆಲಿ, ಕಾಪ್ಟರ್ ಎಂದು ಒಡೆಯುತ್ತಾರೆ. ಹೆಲಿಪ್ಯಾಡ್ ಹುಟ್ಟಿದ್ದೂ ಹಾಗೆಯೇ. ಅದರ ನಿಜವಾದ ತುಣುಕುಗಳು ಸುರುಳಿ ಎಂಬರ್ಥದ ‘ಹೆಲಿಕೊ’ ಮತ್ತು ರೆಕ್ಕೆ ಎಂಬರ್ಥದ ‘ಪ್ಟರ್’. ಆ ರೆಕ್ಕೆ ನೊಣಗಳ ಗಣವಾದ ಡಿಪ್ಟೆರಾದಲ್ಲಿಯೂ, ಚಿಟ್ಟೆಗಳ ಲೆಪಿಡಾಪ್ಟೆರಾದಲ್ಲಿಯೂ ಇದೆ. ಇನ್ನೊಂದು ಎಚ್ಚರ: ತುಣುಕು ಹೇಳುವುದು ಹೆಸರಿಟ್ಟವರ ತಿಳಿವಳಿಕೆಯನ್ನೇ ಹೊರತು ವಸ್ತುವಿನ ನಿಜಸ್ಥಿತಿಯನ್ನಲ್ಲ. ನಾವು ಉಸಿರಾಡುವ ಗಾಳಿಯಲ್ಲಿನ ಒಂದು ಅನಿಲ ಎಲ್ಲ ಆಮ್ಲಗಳಲ್ಲಿಯೂ ಇದ್ದೇ ಇರುತ್ತದೆಂದು ತಿಳಿದು ಫ್ರಾನ್ಸಿನ ರಸಾಯನಜ್ಞ ಲಾವೋಸಿಯೆ ಅದಕ್ಕೆ ‘ಆಮ್ಲ ಹುಟ್ಟಿಸುವುದು’ ಎಂಬರ್ಥದಲ್ಲಿ ಆಕ್ಸಿಜನ್ ಎಂದು ಹೆಸರಿಟ್ಟರು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೆಂಬುದು ಆಮೇಲೆ ಖಚಿತವಾಯಿತು. ಅಷ್ಟರಲ್ಲಿ ಹೆಸರು ನೆಲೆಯೂರಿತ್ತು, ಕನ್ನಡಕ್ಕೂ ಅದು ಆಮ್ಲಜನಕವಾಗಿಯೇ ಬಂತು. ಮಲೇರಿಯಾ ಎಂಬುದರ ತುಣುಕುಗಳು ಕೆಟ್ಟ ಗಾಳಿ ಎನ್ನುತ್ತವೆ. ಕಾರಣ ಸೊಳ್ಳೆಯಲ್ಲಿದೆ ಎಂದು ವೈದ್ಯ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಕೊಂಡರು.

ರಸಾಯನಶಾಸ್ತ್ರದ ಸಹೋದ್ಯೋಗಿಗಳು ಈ ಕೆಲಸವನ್ನು ಆಗಲೇ ಮಾಡುತ್ತಿದ್ದಾರೆ. ಪ್ರೊಪನಾಲ್ ಎಂಬ ಹೆಸರಿನಲ್ಲಿ ‘ಪ್ರೊಪ್’ ಎಂದರೆ ಮೂರು ಕಾರ್ಬನ್, ‘ಆನ್’ ಎಂದರೆ ಕಾರ್ಬನ್‌ಗಳ ನಡುವೆ ಏಕಬಂಧ, ‘ಆಲ್’ ಎಂದರೆ ಆಲ್ಕೊಹಾಲ್ ಗುಂಪು ಎಂದು ಅವರು ಬಿಡಿಸಿ ಕಲಿಸುತ್ತಾರೆ, ಕನ್ನಡ ಮಾಧ್ಯಮದ ಮಕ್ಕಳೂ ಅದನ್ನು ಸಲೀಸಾಗಿ ಕಲಿಯುತ್ತಾರೆ. ಅದೇ ಮಕ್ಕಳು ಮುಂದಿನ ಪಿರಿಯಡ್‌ನಲ್ಲಿ ಜೀವಶಾಸ್ತ್ರದ ಪದಗಳನ್ನು ಅರ್ಥವಿಲ್ಲದೆ ಉರು ಹೊಡೆಯುವಂತಾಗಬಾರದು. ಕಾಲೇಜುಗಳಲ್ಲಿ ನಡೆಯುವ ಬ್ರಿಡ್ಜ್ ಕೋರ್ಸಿನ ಮೊದಲ ವಾರವನ್ನಾದರೂ ಇದಕ್ಕೆ ಮೀಸಲಿಡಿ ಎಂದು ನನ್ನ ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳುತ್ತೇನೆ. ಪದೇಪದೇ ಬರುವ ಗ್ರೀಕ್, ಲ್ಯಾಟಿನ್ ತುಣುಕುಗಳನ್ನು ಆರಿಸಿ, ಮಕ್ಕಳಿಗೆ ಆಗಲೇ ಬರುವ ಕನ್ನಡ ಪಾರಿಭಾಷಿಕ ಪದವನ್ನು ಪಕ್ಕದಲ್ಲಿ ಬರೆದು ಎರಡನ್ನೂ ಒಟ್ಟಿಗೆ ಬಿಡಿಸಿ ತೋರಿಸೋಣ. ಹತ್ತನೇ ತರಗತಿಯ ಕನ್ನಡ ವಿಜ್ಞಾನ ಪುಸ್ತಕವನ್ನು ಮಾರಿಬಿಡದೆ ಪಿಯುಸಿ ಮುಗಿಯುವವರೆಗೂ ಜೊತೆಗಿಟ್ಟುಕೊಳ್ಳುವಂತೆ ಮಕ್ಕಳಿಗೆ ದಾಖಲಾತಿಯ ದಿನವೇ ಹೇಳೋಣ.