ಮಗಳಿಗಾ ಆಂಟಿ?

2023ರ ಡಿಸೆಂಬರ್‌ನಲ್ಲಿ ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಶಾರ್ಟ್ ಸರ್ವಿಸ್ ಕಮಿಷನ್‌ಗೆ ಅಂದರೆ ಸೇನಾಸ್ಪತ್ರೆಗಳ ನರ್ಸಿಂಗ್ ಅಧಿಕಾರಿಯಾಗಿ ಸೀಮಿತ ಅವಧಿಯ ಸೇವೆಗೆ ಅರ್ಜಿ ಕರೆದಾಗ, ನಮ್ಮ ಅತ್ತಿಗೆ ರಾತ್ರಿ ಪಾಳಿ ಮುಗಿಸಿ, ಮನೆಗೂ ಬಾರದೆ, ನೇರವಾಗಿ ಶಿವಮೊಗ್ಗದ ದುರ್ಗಿಗುಡಿಯ ಸೈಬರ್ ಸೆಂಟರೊಂದಕ್ಕೆ ಹೋದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಫೈಲಿನಲ್ಲಿ ನರ್ಸಿಂಗ್ ಪದವಿಯ ಪ್ರಮಾಣಪತ್ರ, ಕೌನ್ಸಿಲ್ ನೋಂದಣಿ, 19 ವರ್ಷಗಳ ಅನುಭವಪತ್ರ, ಮಡಿಕೆಯಲ್ಲಿ ಹರಿಯತೊಡಗಿದ್ದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಲ್ಲವೂ ಇದ್ದವು. ಕೌಂಟರಿನ ಹುಡುಗ ಅಧಿಸೂಚನೆಯನ್ನು ತೆರೆದು, ತಲೆ ಎತ್ತದೆಯೇ "ಮಗಳಿಗಾ ಆಂಟಿ?" ಎಂದು ಕೇಳಿದ.

"ನನಗೇ" ಎಂದರು ಅತ್ತಿಗೆ.

ಹುಡುಗ ಆಗ ತಲೆ ಎತ್ತಿದ. ಪರದೆಯನ್ನು ಅವರ ಕಡೆಗೆ ತಿರುಗಿಸಿ, 21ರಿಂದ 35 ವರ್ಷ ಎಂಬ ಸಾಲಿನ ಕೆಳಗೆ ಬೆರಳಿಟ್ಟು, ಪರೀಕ್ಷೆಯಲ್ಲಿ ಫೇಲಾದವರಿಗೆ ಫಲಿತಾಂಶ ಹೇಳುವ ದನಿಯಲ್ಲಿ "ಏಳು ವರ್ಷ ಲೇಟಾಯ್ತು" ಎಂದ. ಪ್ರಿಂಟಿನ ಹತ್ತು ರೂಪಾಯಿಯನ್ನು ಮಾತ್ರ ಬಿಡಲಿಲ್ಲ.

ಸರ್ಕಾರ ಸುಮ್ಮನೆ ನಿಯಮ ಮಾಡುವುದಿಲ್ಲ ಎಂದು ನಂಬಿ ಬೆಳೆದವನು ನಾನು. ಆದ್ದರಿಂದ ಈ ನಿಯಮದ ಹಿಂದಿರುವ ಜ್ಞಾನವನ್ನು ಹುಡುಕಲು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಗುಂಡು ತಗುಲಿದ ಯೋಧನಿಗೆ ಬ್ಯಾಂಡೇಜು ಕಟ್ಟುವ ಕೈ ಮೂವತ್ತೈದರವರೆಗೆ ಗಟ್ಟಿಯಾಗಿದ್ದು, ಮೂವತ್ತಾರನೆಯ ಹುಟ್ಟುಹಬ್ಬದ ಬೆಳಿಗ್ಗೆ ನಡುಗತೊಡಗುತ್ತದೆ ಎಂಬ ಯಾವುದೋ ಶಾರೀರಿಕ ರಹಸ್ಯ ಇಲ್ಲಿರಬೇಕು. ನಮ್ಮ ಅತ್ತಿಗೆಯ ಕೈಗೆ ಮಾತ್ರ ಆ ಸುತ್ತೋಲೆ ಇನ್ನೂ ತಲುಪಿಲ್ಲ. ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಬಂದಿದ್ದಾಗ, ವಾಂತಿಭೇದಿಯಿಂದ ಒಣಗಿಹೋಗಿದ್ದ ಪಕ್ಕದ ಮನೆಯ ಅಜ್ಜನಿಗೆ ಡ್ರಿಪ್ ಹಾಕಬೇಕಾಯಿತು. ಕರೆಂಟಿರಲಿಲ್ಲ. ಹಳ್ಳ ತುಂಬಿ ಹರಿಯುತ್ತಿತ್ತು. ಪಾಚಿಗಟ್ಟಿದ ಸಂಕವನ್ನು ಅತ್ತಿಗೆ ಬರಿಗಾಲಲ್ಲಿ ದಾಟಿದರು, ಅವರಿಗಿಂತ ಹನ್ನೆರಡು ವರ್ಷ ಚಿಕ್ಕವನಾದ ನಾನು ಹಿಂದಿನಿಂದ ಕುಳಿತುಕೊಂಡೇ ಸರಿದು ಬಂದೆ. ಅಜ್ಜನ ತೋಳಿನಲ್ಲಿ ನರ ಇದೆಯೆಂದು ಯಾರೂ ಹೇಳುವಂತಿರಲಿಲ್ಲ. ನಾನು ಹಿಡಿದಿದ್ದ ಟಾರ್ಚಿನ ಬೆಳಕು ಅಲುಗಾಡುತ್ತಿದ್ದರೂ ಅತ್ತಿಗೆ ಎರಡು ಬೆರಳಿನಿಂದ ಮೊಣಕೈಯ ಕೆಳಗೆ ಸವರಿ, ಒಂದೇ ಚುಚ್ಚಿಗೆ ಸೂಜಿ ಕೂರಿಸಿದರು. ಆಮೇಲೆ ತಮ್ಮ ಹಿಮ್ಮಡಿಯಲ್ಲಿ ಊದಿಕೊಂಡಿದ್ದ ಉಂಬಳವನ್ನು ಉಪ್ಪು ಹಾಕಿ ಬಿಡಿಸಿದರು. ಇಂಥವರನ್ನು ಗಡಿಯ ಆಸ್ಪತ್ರೆಗೆ ಕಳುಹಿಸಿದರೆ ದೇಶದ ಗತಿಯೇನು?

ವಯಸ್ಸಿನ ವಿಷಯದಲ್ಲಿ ಸೈನ್ಯ ಕಠೋರವಾಗಿದೆ ಎಂದು ಯಾರೂ ತಪ್ಪು ತಿಳಿಯಬಾರದು. ತಮ್ಮ ಉದ್ಯೋಗದ ಜೊತೆಗೇ ಸೇವೆ ಸಲ್ಲಿಸುವವರ ಪಡೆಯಾದ ಟೆರಿಟೋರಿಯಲ್ ಆರ್ಮಿಯಲ್ಲಿ ಅಧಿಕಾರಿಯಾಗಲು 42 ವರ್ಷದವರೆಗೂ ಅವಕಾಶವಿದೆ. ಬೇರೊಂದು ಉದ್ಯೋಗವಿರುವುದು ಅಲ್ಲಿ ದೋಷವಲ್ಲ, ಅರ್ಹತೆ. ಅಂದರೆ ನಲವತ್ತರಲ್ಲಿ ಬಂದೂಕು ಹಿಡಿಯಲು ಹೊರಟವರು ದೇಶಭಕ್ತರು, ಅದೇ ವಯಸ್ಸಿನಲ್ಲಿ ಸಿರಿಂಜು ಹಿಡಿಯಲು ಹೊರಟವರು ಆಂಟಿಯರು. ಗಾಯ ಮಾಡುವುದಕ್ಕಿಂತ ಗಾಯ ಕಟ್ಟುವುದಕ್ಕೆ ಹೆಚ್ಚು ಯೌವನ ಬೇಕೆಂಬುದು ನಮ್ಮಂಥ ಸಾಮಾನ್ಯರಿಗೆ ಹೊಳೆಯುವ ಸಂಗತಿಯಲ್ಲ.

ಇನ್ನು ಸೇನೆಯಿಂದ ನಿವೃತ್ತರಾಗಿ ಎರಡನೇ ವೃತ್ತಿಗೆ ಬರುವ ಮಾಜಿ ಸೈನಿಕರಿಗೆ ಸರ್ಕಾರಿ ನೇಮಕಾತಿಯಲ್ಲಿ, ಅವರು ಸೇನೆಯಲ್ಲಿ ಕಳೆದ ವರ್ಷಗಳನ್ನು ವಯಸ್ಸಿನಿಂದ ಕಳೆದು ಲೆಕ್ಕ ಹಾಕುವ ಪದ್ಧತಿಯಿದೆ. ನ್ಯಾಯವಾದ ಪದ್ಧತಿ, ಅದರಲ್ಲಿ ಎರಡು ಮಾತಿಲ್ಲ. ಇದೇ ಕಳೆಯುವ ಲೆಕ್ಕವನ್ನು ವಾರ್ಡಿನಲ್ಲಿ ಕಳೆದ ವರ್ಷಗಳಿಗೂ ಅನ್ವಯಿಸಿದರೆ, 42ರಲ್ಲಿ 19 ಹೋಗಿ ನಮ್ಮ ಅತ್ತಿಗೆಗೆ 23 ವರ್ಷವಾಗುತ್ತದೆ. ಈ ಲೆಕ್ಕವನ್ನು ನಾನು ಅಡುಗೆಮನೆಯಲ್ಲಿ ಮಂಡಿಸಿದಾಗ ಅಣ್ಣ ಮಾತ್ರ ಆಕ್ಷೇಪ ಎತ್ತಿದ.

ಅಣ್ಣನ ಆತಂಕಕ್ಕೆ ಬೇರೆಯೇ ಕಾರಣವಿತ್ತು. ಸೈಬರ್ ಸೆಂಟರಿನ ಹುಡುಗ ಉತ್ಸಾಹದಲ್ಲಿ ಸೇನೆಯ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಪ್ರವೇಶದ ನಿಯಮಗಳನ್ನೂ ಮುದ್ರಿಸಿ ಕೊಟ್ಟಿದ್ದ. ಅಲ್ಲಿ ಅಭ್ಯರ್ಥಿ ಅವಿವಾಹಿತೆಯಾಗಿರಬೇಕು, ಇಲ್ಲವೇ ವಿಚ್ಛೇದಿತೆಯೋ ಹೊಣೆಗಾರಿಕೆಯಿಲ್ಲದ ವಿಧವೆಯೋ ಆಗಿರಬೇಕು ಎಂದಿರುವುದನ್ನು ಓದಿದ ಅಣ್ಣ, ಆಮೇಲೆ ಎರಡು ದಿನ ಅತ್ತಿಗೆಯ ಮುಖ ನೋಡಿಯೇ ಕಾಫಿ ಕುಡಿಯುತ್ತಿದ್ದ. ಮದುವೆಯೆಂಬುದು ಶುಶ್ರೂಷೆಗೆ ತಗಲುವ ರೋಗವೆಂಬ ಭಾವನೆ ಹಳೆಯದು. ಲೆಫ್ಟಿನೆಂಟ್ ಸೆಲಿನಾ ಜಾನ್ ಅವರನ್ನು 1988ರಲ್ಲಿ ಇದೇ ಸೇವೆಯಿಂದ ಬಿಡುಗಡೆ ಮಾಡಿದ್ದು ಮದುವೆಯಾದ ಕಾರಣಕ್ಕೆ, ಮದುವೆಯಾದದ್ದೋ ಸೇನಾಧಿಕಾರಿಯನ್ನೇ. ಆ ನಿಯಮ ಲಿಂಗ ತಾರತಮ್ಯದ್ದೆಂದು ಹೇಳಿ 60 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ್ದು 2024ರ ಫೆಬ್ರವರಿ 14ರಂದು. ಪ್ರೇಮಿಗಳ ದಿನಕ್ಕೆ ಸರಿಯಾಗಿ, ಕೇವಲ ಮೂವತ್ತಾರು ವರ್ಷ ತಡವಾಗಿ.

ವಯಸ್ಸಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಮಿಲಿಟರಿ ನರ್ಸಿಂಗ್ ಸೇವೆ ನಡೆಯುತ್ತಿರುವುದು ಬ್ರಿಟಿಷರು ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ ಹೊರಡಿಸಿದ ಸುಗ್ರೀವಾಜ್ಞೆಯ ಅಡಿಯಲ್ಲಿ. ಅತ್ತಿಗೆ ಅರ್ಜಿ ಹಾಕಲು ಹೋದ ವರ್ಷ ಅದಕ್ಕೆ ಎಂಬತ್ತು ತುಂಬಿತ್ತು. ಸಹಸ್ರ ಚಂದ್ರದರ್ಶನದ ಹೊಸ್ತಿಲಲ್ಲಿರುವ ಕಾಗದ ಇನ್ನೂ ಕರ್ತವ್ಯದಲ್ಲಿದೆ, ನಲವತ್ತೆರಡರ ಹೆಂಗಸು ಮುದುಕಿಯಾಗಿದ್ದಾಳೆ.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಇದು ತಿರುವುಮುರುವಾಗಿತ್ತು. ಸೇನಾ ನರ್ಸುಗಳ ಮುಖ್ಯಸ್ಥೆಯಾಗಿ ನೇಮಕಗೊಂಡಾಗ ಡೊರೊಥಿಯಾ ಡಿಕ್ಸ್‌ಗೆ 59 ವರ್ಷ. ಆಕೆ 1862ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಮೂವತ್ತೈದಕ್ಕಿಂತ ಕಡಿಮೆ ವಯಸ್ಸಿನವರು ಸೇನಾಸ್ಪತ್ರೆಗೆ ಕಾಲಿಡುವಂತಿರಲಿಲ್ಲ. ಐವತ್ತರವರೆಗೆ ಅವಕಾಶವಿತ್ತು, ಜೊತೆಗೆ ಉಡುಪು ಕಂದೋ ಬೂದೋ ಕಪ್ಪೋ ಇದ್ದು, ಆಭರಣಗಳ ಆಡಂಬರ ಇರಬಾರದಿತ್ತು. ಅದೇ 35, ಗೇಟಿನ ಕದ ಮಾತ್ರ ಆಚೆಗೆ ತೆರೆಯುತ್ತಿತ್ತು. ಕ್ರಿಮಿಯಾ ಯುದ್ಧಕ್ಕೆ ಹೋಗುವಾಗ ಫ್ಲಾರೆನ್ಸ್ ನೈಟಿಂಗೇಲ್‌ಗೆ 34. ನಮ್ಮ ನಿಯಮದಲ್ಲಿ ಕೂದಲೆಳೆಯಲ್ಲಿ ಪಾಸು. ಅದೇ ಯುದ್ಧಕ್ಕೆ ಹೋಗಬಯಸಿದ ಜಮೈಕಾದ ಮೇರಿ ಸೀಕೋಲ್ ಅವರನ್ನು ಲಂಡನ್ನಿನ ಅಧಿಕಾರಿಗಳು ಬೇಡವೆಂದರು. ಆಕೆ ಸ್ವಂತ ಖರ್ಚಿನಲ್ಲಿ 49ರ ವಯಸ್ಸಿನಲ್ಲಿ ಹೋಗಿ ಸೈನಿಕರ ಆರೈಕೆ ಮಾಡಿದರು. ಸೈಬರ್ ಸೆಂಟರ್ ಇಲ್ಲದ ಕಾಲದ ಅನುಕೂಲ ಅದು.

ಹಾಗೆಂದು ಅತ್ತಿಗೆಯನ್ನು ದೇಶ ಎಂದೂ ಯೋಧೆ ಎಂದು ಕರೆದಿಲ್ಲವೆನ್ನಲಾಗದು. 2020ರಲ್ಲಿ ನಾವೆಲ್ಲ ತಟ್ಟೆ ಬಡಿದೆವು; ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ದೇಶದ ಹಲವು ಆಸ್ಪತ್ರೆಗಳ ಮೇಲೆ ಹೂವು ಸುರಿಸಿದವು. ಆಗಲೂ ಅತ್ತಿಗೆಗೆ ಮೂವತ್ತೈದು ದಾಟಿತ್ತು, ಆದರೆ ಕೊರೊನಾ ಯೋಧರ ಭರ್ತಿಗೆ ಯಾರೂ ಅಂಕಪಟ್ಟಿ ಕೇಳಲಿಲ್ಲ.

ಅರ್ಜಿಯ ಕಥೆ ಮುಗಿದ ಮೇಲೆ, ಮುಂದಿನ ಆಗಸ್ಟ್ 15ಕ್ಕೆ ಊರಿನ ಸಂಘವೊಂದು ಅವರನ್ನು ಸನ್ಮಾನಕ್ಕೆ ಕರೆಯಿತು. ಆಮಂತ್ರಣದಲ್ಲಿ ಅವರ ಹೆಸರಿನ ಹಿಂದೆ "ಆರೋಗ್ಯ ಯೋಧೆ" ಎಂದು ಅಚ್ಚಾಗಿತ್ತು. ಶಾಲು, ಹಾರ, ಸೇಬು ಮೋಸಂಬಿಯ ಬುಟ್ಟಿ, ಕಿವಿಯವರೆಗೂ ಇಳಿಯುವ ಮೈಸೂರು ಪೇಟ ಎಲ್ಲವೂ ಆದವು. ಎಂಬತ್ತರ ಆಸುಪಾಸಿನ ಅಧ್ಯಕ್ಷರು, ಇಬ್ಬರು ರಟ್ಟೆ ಹಿಡಿದು ಎಬ್ಬಿಸಿದ ಮೇಲೆ, ದೇಶಸೇವೆಗೆ ವಯಸ್ಸಿನ ಹಂಗಿಲ್ಲ ಎಂಬ ವಿಷಯವಾಗಿ ಮುಕ್ಕಾಲು ಗಂಟೆ ಮಾತನಾಡಿದರು. ಅತ್ತಿಗೆ ಅದನ್ನು ಪೂರ್ತಿ ಕೇಳಲಿಲ್ಲ. ಎರಡು ಗಂಟೆಯ ಪಾಳಿಗೆ ಬಸ್ಸು ಹಿಡಿಯಬೇಕಿದ್ದುದರಿಂದ, ಪೇಟವನ್ನು ನನ್ನ ತಲೆಗಿಟ್ಟು, ಬುಟ್ಟಿಯಿಂದ ಒಂದು ಮೋಸಂಬಿಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಟರು.