ಅಲ್ಲಿ ಮೇಸ್ತ್ರಿ ಸಿಗಲ್ವೇನೋ?

ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಅಮ್ಮ ಮೊದಲು ನನ್ನ ಕೈ ನೋಡುತ್ತಾಳೆ. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸ್ ಇದ್ದೇ ಇರುತ್ತದೆ. "ಮತ್ತೆ ಆ ಕಾರಿನ ಕೆಳಗೆ ಮಲಗಿದ್ದೆಯಾ? ಅಲ್ಲಿ ಮೇಸ್ತ್ರಿ ಸಿಗಲ್ವೇನೋ?" ಅಂತ ಕೇಳುತ್ತಾಳೆ. ಸಿಗ್ತಾರಮ್ಮ, ಆದರೆ ನಾನೇ ಮಾಡಬೇಕು ಅಂತ ಆಸೆ ಅಂದರೆ ಅವಳಿಗೆ ಸಮಾಧಾನ ಆಗುವುದಿಲ್ಲ. ಪಕ್ಕದ ಮನೆಯವರಿಗೆ "ಅಲ್ಲಿ ರಿಪೇರಿಗೆ ಜಾಸ್ತಿ ದುಡ್ಡು ಕೇಳ್ತಾರಂತೆ, ಅದಕ್ಕೆ ತಾನೇ ಮಾಡ್ಕೊಂತಾನೆ" ಅಂತ ಹೇಳಿಟ್ಟಿದ್ದಾಳೆ. ಓದಿದ ಮಗ ಸ್ಪ್ಯಾನರ್ ಹಿಡಿಯುವುದಕ್ಕೆ ದುಡ್ಡಿನ ಕಾರಣವಾದರೂ ಇರಲಿ ಅಂತ ಅವಳ ಲೆಕ್ಕ.

ನಮ್ಮ ಮನೆ ದಾವಣಗೆರೆಯ ವಿನೋಬನಗರದಲ್ಲಿ. ನಾನು ಇರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ. ಮನೆಗೆ ಅಂಟಿಕೊಂಡ ಹಾಗೆ ಒಂದು ಸಣ್ಣ ಗ್ಯಾರೇಜ್ ಇದೆ. ಅದರಲ್ಲಿ ಎರಡು ವರ್ಷದಿಂದ ಒಂದು ಹಳೆಯ ಕಿಟ್ ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ.

ಕಿಟ್ ಕಾರು ಅಂದರೆ ಕಂಪನಿಯವರು ಚಾಸಿ, ಬಾಡಿ ಮತ್ತು ಕೆಲವು ಸಾಮಾನು ಕೊಡುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಇವನ್ನು ಬಹಳ ಸಲ ಯಾವುದೋ ಹಳೆಯ ಕಾರಿನಿಂದ ಕಳಚಿ ತರಬೇಕು. ಜೋಡಿಸುವುದು ಕೊಂಡವರ ಕೆಲಸ. ಈ ಜಾತಿಯ ಕಾರುಗಳಲ್ಲಿ ಬಹಳ ಹೆಸರಾದದ್ದು 1957ರ ಲೋಟಸ್ ಸೆವೆನ್. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಮಾಡಿದ್ದು. ಆಗ ಬ್ರಿಟನ್ನಿನಲ್ಲಿ ಪೂರ್ತಿ ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿದರೆ ಅದು ಬೀಳುತ್ತಿರಲಿಲ್ಲ. ಹಾಗಾಗಿ ಮೇಷ್ಟ್ರು, ಗುಮಾಸ್ತರೂ ಸ್ಪೋರ್ಟ್ಸ್ ಕಾರಿನ ಕನಸು ಕಾಣುವ ಹಾಗಾಯಿತು. 1973ರಲ್ಲಿ ಆ ತೆರಿಗೆಯ ಜಾಗಕ್ಕೆ ವ್ಯಾಟ್ ಬಂತು. ಅದೇ ವರ್ಷ ಸೆವೆನ್ ಮಾಡುವ ಹಕ್ಕು ಕೇಟರ್‌ಹ್ಯಾಮ್ ಅನ್ನುವ ಕಂಪನಿಯವರ ಕೈಗೆ ಹೋಯಿತು. ತೆರಿಗೆಯ ಲಾಭ ಹೋದರೂ ಮನೆಯಲ್ಲೇ ಕಟ್ಟುವ ಅಭ್ಯಾಸ ಮಾತ್ರ ಹೋಗಲಿಲ್ಲ.

ನನ್ನದು ಅದೇ ಮಾದರಿಯದು, 1980ರ ದಶಕದ ಕೊನೆಯಲ್ಲಿ ಯಾರೋ ಮನೆಯಲ್ಲಿ ಕಟ್ಟಿದ್ದು. ಹಳೆಯ ಫೋರ್ಡ್ ಎಸ್ಕಾರ್ಟಿನ ಆಕ್ಸಲ್, 1600 ಸಿಸಿಯ ಕ್ರಾಸ್‌ಫ್ಲೋ ಎಂಜಿನ್, ಎರಡು ವೆಬರ್ ಕಾರ್ಬ್ಯುರೇಟರ್. ಕಂಪ್ಯೂಟರ್ ಅನ್ನುವುದೇ ಇಲ್ಲ. ತೂಕ ಸುಮಾರು 550 ಕೆಜಿ, ನಮ್ಮ ಮಾರುತಿ 800ಗಿಂತ ಕಡಿಮೆ. ಕೂತರೆ ನೆಲ ಕೈಗೆ ಸಿಗುತ್ತದೆ.

ತಂದಾಗ ಹೊರಗಿಂದ ಚೆನ್ನಾಗಿಯೇ ಕಂಡಿತು. ಕೆಳಗಿನ ಚೌಕದ ಪೈಪಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಿದೆ, ತುದಿ ಒಳಗೇ ಹೋಯಿತು. ಹಿಂದಿನ ಮಾಲೀಕ ತುಕ್ಕಿನ ಮೇಲೆ ಕಪ್ಪು ಬಣ್ಣ ಬಳಿದಿದ್ದ. ಈ ಕಾರುಗಳ ಚಾಸಿಗೆ ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿಯನ್ನು ಕಾಯಿಸಿ ಅಂಟಿಸಿದ ಪದರ, ಮಾಡಿರುತ್ತಾರೆ. ಅದು ಒಂದು ಕಡೆ ಬಿರುಕು ಬಿಟ್ಟರೆ ಸಾಕು, ನೀರು ಅಡಿಗೆ ಸೇರಿ ಕಾಣದ ಹಾಗೆ ತಿನ್ನುತ್ತಾ ಹೋಗುತ್ತದೆ. ಚಳಿಗಾಲದಲ್ಲಿ ಇಲ್ಲಿ ಮಂಜು ಕರಗಲಿ ಅಂತ ರಸ್ತೆಗೆ ಉಪ್ಪು ಎರಚುತ್ತಾರೆ. ಉಪ್ಪುನೀರು, ಕಬ್ಬಿಣದ ಪೈಪು, ಅದಕ್ಕೆ ರಿವೆಟ್ ಹೊಡೆದ ಅಲ್ಯೂಮಿನಿಯಂ ಹಾಳೆ, ಈ ಮೂರೂ ಸೇರಿದರೆ ಎರಡು ಲೋಹ ಒಂದನ್ನೊಂದು ಮುಟ್ಟುವ ಕಡೆಯೆಲ್ಲ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ನಡುವೆ ಸೀಲಂಟ್ ಹಚ್ಚಿಯೇ ರಿವೆಟ್ ಹೊಡೆಯಬೇಕು ಅಂತ ನನಗೆ ಗೊತ್ತಾಗಿದ್ದು ಹಾಳೆಗಳನ್ನೆಲ್ಲ ಬಿಚ್ಚಿದ ಮೇಲೆ.

ಬಿಚ್ಚುವ ವಿದ್ಯೆ ಕಲಿಸಿದ್ದು ಇದೇ ಬೀದಿಯಲ್ಲಿರುವ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಅವರೂ ಒಂದು ಕಾರು ಕಟ್ಟಿದವರು. ಮೊದಲ ದಿನ ಸ್ಪ್ಯಾನರ್ ಕೊಡಲಿಲ್ಲ, ಒಂದು ಕಟ್ಟು ಪ್ಲಾಸ್ಟಿಕ್ ಕವರ್, ಒಂದು ಮಾರ್ಕರ್ ಪೆನ್, ಒಂದು ನೋಟ್‌ಬುಕ್ ಕೊಟ್ಟರು. ಪ್ರತಿ ಬೋಲ್ಟ್ ಬಿಚ್ಚುವ ಮುಂಚೆ ಫೋಟೋ. ಬಿಚ್ಚಿದ ಮೇಲೆ ಕವರಿಗೆ ಹಾಕಿ ಎಲ್ಲಿಯದು ಅಂತ ಬರೆಯಬೇಕು. ವಾಷರ್ ಎಷ್ಟು, ಯಾವ ಕಡೆ ಮುಖ, ಅದೂ ಬರೆಯಬೇಕು. ಸಿಲಿಂಡರ್ ಹೆಡ್ಡಿನ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್ ಹಿಡಿದೇ ಬಿಗಿ ಮಾಡಬೇಕು. ನನಗೆ ಮೊದಮೊದಲು ಇದು ಅತಿ ಅನಿಸಿತು. 14 ತಿಂಗಳಾದ ಮೇಲೆ ಸ್ಟಿಯರಿಂಗ್ ಕಾಲಮ್ ವಾಪಸ್ ಕೂರಿಸುವಾಗ ಆ ಕವರ್ ಕೈಗೆ ಸಿಕ್ಕಿತು. ನನ್ನದೇ ಅಕ್ಷರದಲ್ಲಿ "ತೆಳು ವಾಷರ್ ಕೆಳಗೆ" ಅಂತ ಇತ್ತು. ಅದು ಇಲ್ಲದಿದ್ದರೆ ನನಗೆ ನೆನಪಾಗುತ್ತಿರಲಿಲ್ಲ.

ದಾವಣಗೆರೆಯಲ್ಲಿ ನಾನು ಕಂಡ ರೀತಿಯೇ ಬೇರೆ. ಪಿ.ಬಿ. ರಸ್ತೆಯ ಆಚೀಚೆ ಗ್ಯಾರೇಜು, ವೆಲ್ಡಿಂಗ್ ಶಾಪು, ಲೇತ್ ಅಂಗಡಿಗಳ ನಡುವೆ ಬೆಳೆದವನು ನಾನು. ಮೇಸ್ತ್ರಿ ಲಾರಿಯ ಶಬ್ದ ಕೇಳಿಯೇ "ಮೂರನೇ ಇಂಜೆಕ್ಟರ್ ನೋಡ್ರೋ" ಅನ್ನುತ್ತಿದ್ದರು. ಬಿಚ್ಚಿದ ಬೋಲ್ಟ್ ಎಲ್ಲ ಒಂದೇ ತಟ್ಟೆಯ ಡೀಸೆಲ್‌ನಲ್ಲಿ ಬೀಳುತ್ತಿದ್ದವು. ಸಂಜೆಗೆ ಒಂದೂ ಉಳಿಯದ ಹಾಗೆ ಎಲ್ಲ ಅವವುಗಳ ಜಾಗಕ್ಕೆ ಹೋಗಿರುತ್ತಿದ್ದವು. ಬರೆದದ್ದು ಏನೂ ಇಲ್ಲ, ಎಲ್ಲ ಅವರ ಕೈಯಲ್ಲೇ ಇತ್ತು. ಬುಷ್, ಅಂದರೆ ಪಿನ್ ತಿರುಗುವ ಕಡೆ ಕೂರಿಸುವ ಲೋಹದ ಸಣ್ಣ ಕೊಳವೆ, ಸವೆದರೆ ಗನ್‌ಮೆಟಲ್ ಅನ್ನುವ ಕಂಚಿನ ಜಾತಿಯ ಲೋಹದ ತುಂಡು ಹಿಡಿದು ಲೇತ್ ಅಂಗಡಿಗೆ ಹೋಗುವುದು. ಅವರು ಹಳೆಯದನ್ನು ಅಳೆದು, ಟೀ ಬರುವಷ್ಟರಲ್ಲಿ ಹೊಸದು ತಿರುವಿ ಕೊಡುತ್ತಿದ್ದರು. ಪಕ್ಕದ ಹರಿಹರದಲ್ಲಿ 1941ರಿಂದ ಮೈಸೂರು ಕಿರ್ಲೋಸ್ಕರ್‌ನವರು ಲೇತ್ ಯಂತ್ರವನ್ನೇ ಮಾಡುತ್ತಿದ್ದರು. ಹಾಗಾಗಿ ಟರ್ನರ್, ಫಿಟ್ಟರ್ ಅನ್ನುವ ಮಾತು ನಮ್ಮ ಕಡೆ ಮನೆಮಾತು. ನಮ್ಮಪ್ಪನೂ ಟರ್ನರ್.

ಇಲ್ಲಿ ಅದೇ ಬುಷ್ ಬೇಕಾದರೆ ಆರ್ಡರ್ ಮಾಡಿ ನಾಲ್ಕು ದಿನ ಕಾಯುತ್ತೇನೆ. ಅದು ಯಾರಲ್ಲೂ ಇಲ್ಲದಿದ್ದರೆ ಕೆಲಸ ನಿಂತೇ ಹೋಗುತ್ತದೆ. ನನ್ನ ಮೇಷ್ಟ್ರು ಸ್ನೇಹಿತರು ಒಂದು ಸ್ಪೇಸರ್‌ಗೆ ಆರು ವಾರ ಕಾದಿದ್ದರು. ನಮ್ಮೂರಿನ ಲೇತ್ ಅಂಗಡಿಗಳ ವಿಷಯ ಹೇಳಿದಾಗ ಅವರು ಬೆರಗಾಗಿ ಮೂರು ಸಲ ಕೇಳಿದರು, "ನೀನು ಅಲ್ಲೇ ನಿಂತಿರುವಾಗಲೇ ಮಾಡಿಕೊಡುತ್ತಾರಾ?"

ನಮ್ಮವರ ಕೈಚಳಕ ಎಷ್ಟು ದೊಡ್ಡದು ಅಂತ ನನಗೆ ಪೂರ್ತಿ ತಿಳಿದದ್ದು ಕಳೆದ ನವೆಂಬರ್‌ನಲ್ಲಿ. ವೈರಿಂಗ್ ಮುಗಿಸಿ ಬ್ರೇಕ್ ಒತ್ತಿದೆ. ಬ್ರೇಕ್ ಲೈಟಿನ ಜೊತೆ ಇಂಡಿಕೇಟರ್‌ಗಳೂ ಮಂಕಾಗಿ ಉರಿದವು. ಎರಡು ರಾತ್ರಿ ವೈರ್ ಒಂದೊಂದಾಗಿ ಹಿಡಿದು ನೋಡಿದೆ, ನಕ್ಷೆಯ ಪ್ರಕಾರ ಎಲ್ಲ ಸರಿ. ಕೊನೆಗೆ ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್‌ಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪನ ಗೆಳೆಯರು, ನಾನು ಚಾಚಾ ಅನ್ನುತ್ತೇನೆ. ಇಂಥ ಕಾರನ್ನು ಅವರು ಜೀವಮಾನದಲ್ಲಿ ನೋಡಿದವರಲ್ಲ. ಲೈಟ್ ನೋಡಿದ ತಕ್ಷಣ, "ಅರ್ಥ್ ಸಿಗ್ತಾ ಇಲ್ಲ ಕಣಪ್ಪ, ಕರೆಂಟ್ ವಾಪಸ್ ಹೋಗಾಕೆ ದಾರಿ ಇಲ್ಲ. ನಮ್ಮ ಟ್ರ್ಯಾಕ್ಟರ್ ಟ್ರೇಲರ್ ಹಿಂಗೇ ಮಾಡ್ತಾವೆ. ಆ ಲೈಟ್ ಕೂತಿರೋದು ಎದರ ಮೇಲೆ?" ಅಂದರು. ಫೈಬರ್ ಮಡ್‌ಗಾರ್ಡ್ ಚಾಚಾ ಅಂದೆ. "ಫೈಬರ್‌ನಾಗೆ ಕರೆಂಟ್ ಹೋಗುತ್ತೇನಪ್ಪ? ಒಂದೊಂದು ಲೈಟಿಗೂ ಬೇರೆ ವೈರ್ ಎಳೆದು ಚಾಸಿಗೆ ಕಟ್ಟು. ಕಟ್ಟೋ ಜಾಗದಾಗೆ ಪೇಂಟ್ ಕೆರೆದು ಕಟ್ಟು."

ವೈರ್ ನಾನು ಎಳೆದಿದ್ದೆ. ಆದರೆ ಅದನ್ನು ಪೌಡರ್ ಕೋಟಿಂಗ್ ಮೇಲೆಯೇ ಬೋಲ್ಟ್ ಹಾಕಿ ಕಟ್ಟಿದ್ದೆ. ಕೆರೆದು ಕಟ್ಟಿದೆ. ಎಲ್ಲ ಸರಿಯಾಯಿತು. ಹತ್ತು ನಿಮಿಷದ ಕೆಲಸ. ಇಂಥ ತಿಳಿವಳಿಕೆ ಇರುವ ಮನುಷ್ಯ ಒಂದು ಮರದ ಕೆಳಗೆ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಅವರಿಗೆ ತಿಳಿದದ್ದು ಎಲ್ಲೂ ಬರೆದಿಟ್ಟಿಲ್ಲ. ಅವರ ಮಗ ಬೇರೆ ಕೆಲಸಕ್ಕೆ ಹೋಗುತ್ತಾನೆ. ಇದನ್ನು ನೆನೆಸಿಕೊಂಡರೆ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ.

ಇನ್ನೊಂದು ವಿಷಯದಲ್ಲಿ ಮಾತ್ರ ನನಗೆ ಇಲ್ಲಿಯ ರೀತಿಯೇ ಸರಿ. ಕಾರನ್ನು ಜ್ಯಾಕ್ ಮೇಲೆ ಬಿಟ್ಟು ಯಾರೂ ಕೆಳಗೆ ಹೋಗುವುದಿಲ್ಲ, ಎರಡೂ ಕಡೆ ಸ್ಟ್ಯಾಂಡ್ ಕೊಟ್ಟ ಮೇಲೆಯೇ. ಗ್ರೈಂಡರ್ ಹಿಡಿದರೆ ಕಣ್ಣಿಗೆ ಕನ್ನಡಕ ಬೇಕೇ ಬೇಕು. ನಾನು ಪಿಯುಸಿ ಓದುವಾಗ ನಮ್ಮ ಓಣಿಯ ಒಬ್ಬ ಹುಡುಗ ವೆಲ್ಡಿಂಗ್ ಶಾಪಿನಲ್ಲಿ ಸಹಾಯಕ್ಕೆ ಇದ್ದ. ಗ್ರೈಂಡರ್ ಕಿಡಿ ಹಾರಿ ಅವನ ಎಡಗಣ್ಣು ಹೋಯಿತು. ಒಂದು ಕನ್ನಡಕಕ್ಕೆ ಎಷ್ಟಾಗುತ್ತೆ? ಗಾಲಿ ಬಿಚ್ಚಿ, ಕಲ್ಲು ಕೊಟ್ಟು ಲಾರಿ ಕೆಳಗೆ ನುಗ್ಗುವುದನ್ನು ನಾವು ಧೈರ್ಯ ಅಂತ ಹೊಗಳುವುದು ಬಿಡಬೇಕು.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇರುವುದು ಮಾಲೀಕ ಎಲ್ಲಿ ನಿಲ್ಲುತ್ತಾನೆ ಅನ್ನುವುದರಲ್ಲಿ. ನಮ್ಮೂರಲ್ಲಿ ಕಾರಿನ ಮಾಲೀಕ ಗ್ಯಾರೇಜಿನ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಮೇಸ್ತ್ರಿಯ ಹುಡುಗ ಅವನಿಗೆ ಟೀ ತಂದು ಕೊಡುತ್ತಾನೆ. ಇಲ್ಲಿ ಡಾಕ್ಟರ್ ಆಗಲಿ, ಬ್ಯಾಂಕ್ ಮ್ಯಾನೇಜರ್ ಆಗಲಿ, ಭಾನುವಾರ ಹಳೇ ಪ್ಯಾಂಟ್ ಹಾಕಿಕೊಂಡು ಕಾರಿನ ಕೆಳಗೆ ಮಲಗಿದರೆ ಬೀದಿಯವರು ಮರ್ಯಾದೆಯಿಂದ ಬಂದು ಮಾತಾಡಿಸುತ್ತಾರೆ. ನಾವು ಹಗ್ಗ ಹೊಸೆದ ನುಲಿಯ ಚಂದಯ್ಯ, ಬುಟ್ಟಿ ಹೆಣೆದ ಮೇದಾರ ಕೇತಯ್ಯನ ನಾಡಿನವರು. ಕಾಯಕದ ಮಾತು ನಮ್ಮ ಊರಿನ ಪ್ರತಿ ಸಭೆಯಲ್ಲೂ ಬರುತ್ತದೆ. ಆಯುಧಪೂಜೆ ದಿನ ಸ್ಪ್ಯಾನರಿಗೂ ಕುಂಕುಮ ಇಡುತ್ತೇವೆ. ಆದರೂ ಇಂಜಿನಿಯರಿಂಗ್ ಓದಿದ ಹುಡುಗ ತನ್ನ ಬೈಕಿನ ಚೈನ್ ತಾನೇ ಬಿಗಿ ಮಾಡಿದರೆ ಮನೆಯವರು ಮುಜುಗರ ಪಡುತ್ತಾರೆ. ನಮ್ಮಪ್ಪನೇ ಹೇಳುತ್ತಿದ್ದರು, "ನನ್ನ ಕೈಗೆ ಎಣ್ಣೆ ಆಗಿದ್ದು ಸಾಕು, ನೀನು ಓದು." ಅವರನ್ನು ನಾನು ತಪ್ಪು ಅನ್ನಲಾರೆ. ಎಣ್ಣೆ ಕೈಗೆ ಊರು ಕೊಟ್ಟ ಬೆಲೆ ನೋಡಿಯೇ ಅವರು ಹಾಗೆ ಹೇಳಿದ್ದು.

ಕಾನೂನೂ ನಮ್ಮಲ್ಲಿ ಇಂಥ ಆಸೆ ಇರುವವರಿಗೆ ಬಾಗಿಲು ತೆಗೆದಿಲ್ಲ. ಬ್ರಿಟನ್ನಿನಲ್ಲಿ ಮನೆಯಲ್ಲಿ ಹೊಸದಾಗಿ ಕಟ್ಟಿದ ಕಾರಿಗೆ ಐವಿಎ ಅನ್ನುವ ಒಂದು ತಪಾಸಣೆ ಇದೆ. ಒಬ್ಬನೇ ಒಂದೇ ಕಾರು ಕಟ್ಟಿದರೂ ಪರವಾಗಿಲ್ಲ. ಅಧಿಕಾರಿ ಬ್ರೇಕು, ಶಬ್ದ, ಹೊಗೆ, ಸ್ಪೀಡೋಮೀಟರ್ ಎಲ್ಲ ನೋಡುತ್ತಾರೆ. 100 ಮಿಲಿಮೀಟರಿನ ಒಂದು ಗುಂಡು ಹಿಡಿದು ಬಾಡಿಗೆ ತಾಗಿಸುತ್ತಾರೆ. ಅದು ಮುಟ್ಟುವ ಅಂಚುಗಳು ಚೂಪಾಗಿದ್ದರೆ ಫೇಲ್, ಯಾಕೆಂದರೆ ದಾರಿಯಲ್ಲಿ ಹೋಗುವವರಿಗೆ ಗಾಯ ಆಗಬಾರದು. ಪಾಸಾದರೆ ನಂಬರ್ ಸಿಗುತ್ತದೆ. ನನ್ನದು ಹಳೆಯ ಕಾರು, ಅದರ ನಂಬರ್ ಅದಕ್ಕೇ ಇದೆ, ರಸ್ತೆಗೆ ಯೋಗ್ಯವೇ ಅಂತ ನೋಡುವ ವರ್ಷಕ್ಕೊಂದು ಎಂಒಟಿ ಪರೀಕ್ಷೆ ಸಾಕು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವ ಹಾಗಿಲ್ಲ. ಹೊಸ ಮಾದರಿಗೆ ಒಪ್ಪಿಗೆ ಬೇಕಾದರೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಆಗಬೇಕು. ಅದು ಕಾರ್ಖಾನೆಗಳ ಅಳತೆಗೆ ಹೊಲಿದ ಅಂಗಿ. ಗ್ಯಾರೇಜಿನಲ್ಲಿ ಒಂದೇ ಒಂದು ಕಾರು ಕಟ್ಟುವವನಿಗೆ ಅದು ಹೊಂದುವುದಿಲ್ಲ.

ರಸ್ತೆಯಲ್ಲಿ ಸಿಕ್ಕಿದ್ದೆಲ್ಲ ಓಡಲಿ ಅಂತ ನಾನು ಹೇಳುತ್ತಿಲ್ಲ. ಕಟ್ಟುನಿಟ್ಟಾಗಿ ನೋಡಲಿ, ಹತ್ತು ಸಲ ಫೇಲ್ ಮಾಡಲಿ. ಆದರೆ ನೋಡಲಿಕ್ಕೆ ಒಂದು ಕೌಂಟರ್ ಇರಲಿ. ಆಸೆ ಮತ್ತು ಕೈ ಎರಡೂ ನಮ್ಮಲ್ಲಿವೆ. ಮಹಾರಾಷ್ಟ್ರದ ಅಲಿಬಾಗ್‌ನಲ್ಲಿ ಚಿಂಕಾರ ಮೋಟಾರ್ಸ್‌ನವರು ಸೆವೆನ್ ಹೋಲುವ ರೋಡ್‌ಸ್ಟರನ್ನೇ ಮಾಡಿ ತೋರಿಸಿದರು. ಅದಕ್ಕೆ ಹಾಕಿದ್ದು ಕಾಂಟೆಸ್ಸಾ ಕಾರಿನಲ್ಲಿ ಬರುತ್ತಿದ್ದ 1.8 ಲೀಟರಿನ ಇಸುಜು ಎಂಜಿನ್. ಮಧ್ಯಪ್ರದೇಶದ ಪೀತಂಪುರದಲ್ಲಿ 2007ರಲ್ಲಿ ಶುರುವಾದ ಬಾಹಾ ಸ್ಪರ್ಧೆಗೆ ದೇಶದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪೈಪ್ ಬಗ್ಗಿಸಿ, ವೆಲ್ಡ್ ಮಾಡಿ, ಗುಡ್ಡ ಹತ್ತುವ ಗಾಡಿ ಕಟ್ಟುತ್ತಾರೆ. ಸ್ಪರ್ಧೆ ಮುಗಿದ ಮೇಲೆ ಅಂಥ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ. ಅದನ್ನು ಕಟ್ಟಿದ ಕೈಗಳು ಆಮೇಲೆ ಕೀಬೋರ್ಡ್ ಮೇಲೆ ಕೂರುತ್ತವೆ, ನನ್ನವೂ ಹಾಗೇ ಕೂತಿದ್ದವು.

ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಕ್ಲಚ್ ಪೆಡಲಿನ ಸವೆದ ಬುಷ್ ಮತ್ತು ಅದರ ಪಿನ್ನನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಲೇತ್ ಅಂಗಡಿಯಲ್ಲಿ ಗನ್‌ಮೆಟಲ್ಲಿನಲ್ಲಿ ಹೊಸದು ತಿರುವಿಸಿಕೊಂಡು ಮನೆಗೆ ಬಂದೆ. ಅಪ್ಪ ಕೈ ಚಾಚಿದರು. ಒಳಗೆ ಹೋಗಿ ಟ್ರಂಕಿನಿಂದ ತಮ್ಮ ಹಳೆಯ ಮೈಕ್ರೋಮೀಟರ್ ತಂದರು, ಇನ್ನೂ ಎಣ್ಣೆ ಬಟ್ಟೆಯಲ್ಲೇ ಸುತ್ತಿಟ್ಟಿದ್ದರು. ಕಿಟಕಿಯ ಬೆಳಕಿಗೆ ಹಿಡಿದು ಬುಷ್ಷನ್ನು ಮೂರು ಕಡೆ ಅಳೆದರು.

"ಎರಡು ಥೌ ಜಾಸ್ತಿ ಐತಿ. ಎಮರಿ ಪೇಪರ್ ಹಿಡಿದರೆ ಸರಿ ಹೋಗ್ತದೆ. ಕೊಡಿಲ್ಲಿ, ನಾನೇ ಹಿಡೀತೀನಿ." ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು.

ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮುಕ್ಕಾಲು ಗಂಟೆ ಉಜ್ಜಿದರು. ನಡುನಡುವೆ ನಿಲ್ಲಿಸಿ ಅಳೆಯುತ್ತಿದ್ದರು. ಅಮ್ಮ ಬಂದು ಟೀ ಇಟ್ಟು, ಇಬ್ಬರ ಕೈಯನ್ನೂ ನೋಡಿ, ಏನೂ ಅನ್ನದೆ ಒಳಗೆ ಹೋದಳು. ಮುಗಿದ ಮೇಲೆ ನಾನು ಪ್ಲಾಸ್ಟಿಕ್ ಕವರ್ ಮತ್ತು ಮಾರ್ಕರ್ ತೆಗೆದೆ. ಅಪ್ಪ ಪೆನ್ ಇಸಿದುಕೊಂಡು ತಾವೇ ಬರೆದರು. ಕ್ಲಚ್ ಪೆಡಲ್ ಬುಷ್, ಅಳತೆ, ತಾರೀಖು.